ಪಾಸಾಗದವನಿಗೆ ಪಂದ್ಯವಿಲ್ಲ

ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಾಸ್ ರಾಜ್ಯದಲ್ಲಿ ಶರತ್ಕಾಲದ ಶುಕ್ರವಾರದ ಸಂಜೆಗೆ ನಮ್ಮ ಊರುಗಳ ರಥೋತ್ಸವದ ಕಳೆಯಿರುತ್ತದೆ. ಸಣ್ಣ ಊರಾದರಂತೂ ಆಬಾಲವೃದ್ಧರೆಲ್ಲ ತಮ್ಮ ಹೈಸ್ಕೂಲಿನ ಬಣ್ಣದ ಉಡುಪು ತೊಟ್ಟು ಕ್ರೀಡಾಂಗಣದ ಕಡೆಗೆ ಹೊರಡುತ್ತಾರೆ. ವಾದ್ಯಮೇಳ ಮೊಳಗುತ್ತದೆ, ದೀಪಗಳು ಹೊತ್ತಿಕೊಳ್ಳುತ್ತವೆ, ಹದಿನಾರು ಹದಿನೇಳು ವರ್ಷದ ಹುಡುಗರು ಶಿರಸ್ತ್ರಾಣ ಧರಿಸಿ ಅಂಗಣಕ್ಕೆ ಇಳಿಯುತ್ತಾರೆ. ಅವರು ಆಡುವ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳಿಗೆ ಮೈಯೊಡ್ಡಿ ನುಗ್ಗುವ ಆಟ ಅದು. ಎಣ್ಣೆಬಾವಿಗಳ ಊರಾದ ಒಡೆಸ್ಸದಲ್ಲಿ 1982ರಲ್ಲಿ ತೆರೆದ ಕ್ರೀಡಾಂಗಣದಲ್ಲಿ 17,000ಕ್ಕೂ ಹೆಚ್ಚು ಮಂದಿ ಕುಳಿತು ನೋಡಬಹುದು. ಅಷ್ಟು ಜನ ನೋಡುವುದು ಶಾಲೆಯ ಮಕ್ಕಳ ಆಟವನ್ನು!

ಇಂಥ ನಾಡಿನಲ್ಲಿ 1984ರ ಬೇಸಗೆಯಲ್ಲಿ ಒಂದು ಕಾನೂನು ಹುಟ್ಟಿತು. ಅದರ ತಾತ್ಪರ್ಯ ಇಷ್ಟೆ: ಆರು ವಾರಗಳ ಪಾಠದ ಅವಧಿಯಲ್ಲಿ ಒಂದೇ ಒಂದು ವಿಷಯದಲ್ಲಾದರೂ ನೂರಕ್ಕೆ ಎಪ್ಪತ್ತಕ್ಕಿಂತ ಕಡಮೆ ಅಂಕ ಪಡೆದ ವಿದ್ಯಾರ್ಥಿಯು ಮುಂದಿನ ಆರು ವಾರಗಳ ಕಾಲ ಶಾಲೆಯ ಪರವಾಗಿ ಆಡಕೂಡದು. ಆಟವೊಂದೇ ಅಲ್ಲ, ವಾದ್ಯಮೇಳವಾಗಲಿ, ಚರ್ಚಾಸ್ಪರ್ಧೆಯಾಗಲಿ, ಪಾಠಕ್ಕೆ ಹೊರತಾದ ಯಾವುದೂ ಇಲ್ಲ. ‘ಪಾಸಾಗದಿದ್ದರೆ ಆಟವಿಲ್ಲ’ ಎಂಬ ಹೆಸರಿನಿಂದ ಈ ನಿಯಮ ಮನೆಮನೆಯ ಮಾತಾಯಿತು. ಮನೆಮನೆಯ ಜಗಳವೂ ಆಯಿತು.

ನಮ್ಮ ಹಿರಿಯರ ಕಿವಿಗೆ ಇದರಲ್ಲಿ ಹೊಸತೇನೂ ಕೇಳಿಸಲಾರದು. “ಮೊದಲು ಓದು, ಆಮೇಲೆ ಆಟ” ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ತಂದೆಯ ಬಾಯಲ್ಲಿ ಬುದ್ಧಿವಾದವಾಗಿರುವ ಮಾತು ಸರ್ಕಾರದ ಕೈಯಲ್ಲಿ ಕಾನೂನಾದಾಗ ಅದರ ಪರಿಣಾಮವೇ ಬೇರೆ. ಟೆಕ್ಸಾಸಿನ ಕಥೆಯಲ್ಲಿರುವ ಪಾಠ ಇದು.

ನಿಯಮಗಳು ಹುಟ್ಟಿದ ಬಗೆ

ಹೈಸ್ಕೂಲಿನ ತಂಡದಲ್ಲಿ ಯಾರು ಆಡಬಹುದು, ಯಾರು ಆಡಬಾರದು ಎಂಬ ಪ್ರಶ್ನೆ ಅಮೆರಿಕದಲ್ಲಿ ನೂರು ವರ್ಷಕ್ಕೂ ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶಾಲಾ ತಂಡಗಳನ್ನು ಬಹುಮಟ್ಟಿಗೆ ವಿದ್ಯಾರ್ಥಿಗಳೇ ಕಟ್ಟಿ ನಡೆಸುತ್ತಿದ್ದರು. ಗೆಲ್ಲುವ ಹಟ ಬಲಿತಂತೆ, ತರಗತಿಯ ಮುಖವನ್ನೇ ಕಾಣದ ಗಟ್ಟಿಮುಟ್ಟಾದ ಯುವಕರು ಶಾಲೆಯ ಹೆಸರಿನಲ್ಲಿ ಅಂಗಣಕ್ಕೆ ಇಳಿಯತೊಡಗಿದರು. ಹದಿನೈದರ ಬಾಲಕನ ಎದುರಿಗೆ ಇಪ್ಪತ್ತು ದಾಟಿದ ಆಳು ನಿಂತರೆ ಅದು ಸ್ಪರ್ಧೆಯೂ ಆಗದು, ಕ್ಷೇಮವೂ ಅಲ್ಲ. ಇದನ್ನು ತಡೆಯಲು ಒಂದೊಂದು ರಾಜ್ಯದಲ್ಲೂ ಶಾಲೆಗಳ ಕ್ರೀಡಾಸಂಘಗಳು ಹುಟ್ಟಿಕೊಂಡವು. ಟೆಕ್ಸಾಸಿನಲ್ಲಿ ಆ ಕೆಲಸವನ್ನು ನಡೆಸುತ್ತಿರುವ ಸಂಸ್ಥೆ ಅಲ್ಲಿನ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ 1910ರ ಸುಮಾರಿಗೆ ಆರಂಭವಾದ ‘ಯೂನಿವರ್ಸಿಟಿ ಇಂಟರ್‌ಸ್ಕಾಲಸ್ಟಿಕ್ ಲೀಗ್’. ರಾಜ್ಯ ಸಂಘಗಳ ಒಕ್ಕೂಟಕ್ಕೆ 1920ರಲ್ಲಿ ತಳಹದಿ ಬಿತ್ತು.

ಈ ಸಂಘಗಳು ಹಾಕಿದ ಗೆರೆಗಳು ಮುಖ್ಯವಾಗಿ ಐದು. ಮೊದಲನೆಯದು ವಯಸ್ಸು. ಟೆಕ್ಸಾಸಿನಲ್ಲಿ ಆ ಶಾಲಾವರ್ಷದ ಸೆಪ್ಟೆಂಬರ್ 1ರ ವೇಳೆಗೆ 19 ತುಂಬಿರಬಾರದು. ಎರಡನೆಯದು ಅವಧಿ. ಒಂಬತ್ತನೆಯ ತರಗತಿಗೆ ಸೇರಿದಂದಿನಿಂದ ನಾಲ್ಕು ವರ್ಷ ಮಾತ್ರ. ಆಡುವ ಆಸೆಗಾಗಿ ಬೇಕೆಂದೇ ತರಗತಿಯಲ್ಲಿ ಹಿಂದೆ ಉಳಿಯುವಂತಿಲ್ಲ. ಮೂರನೆಯದು ವಾಸ. ತಂದೆತಾಯಿಗಳು ಇರುವ ವಲಯದ ಶಾಲೆಗೇ ಆಡತಕ್ಕದ್ದು. ಒಳ್ಳೆಯ ಆಟಗಾರನಿಗೆ ಆಮಿಷ ತೋರಿಸಿ ಇನ್ನೊಂದು ಶಾಲೆಗೆ ಎಳೆದುಕೊಳ್ಳಕೂಡದು. ನಾಲ್ಕನೆಯದು ಹವ್ಯಾಸಿ ಆಟಗಾರನೆಂಬ ನಿಷ್ಠೆ. ಆಟಕ್ಕೆ ಹಣ ಮುಟ್ಟಬಾರದು. ಐದನೆಯದು ಓದು.

ಮೊದಲ ನಾಲ್ಕು ಗೆರೆಗಳು ಎದುರಾಳಿಗೆ ನ್ಯಾಯ ದೊರಕಲೆಂದು ಹಾಕಿದವು. ಐದನೆಯ ಗೆರೆ ಹಾಗಲ್ಲ. ಅದು ಆಡುವ ಹುಡುಗನ ಒಳಿತಿಗಾಗಿಯೇ ಹಾಕಿದ್ದು. ಬೀಜಗಣಿತದಲ್ಲಿ ಹಿಂದುಳಿದವನು ಚೆಂಡು ಹಿಡಿದರೆ ಎದುರು ತಂಡಕ್ಕೆ ಮೋಸವೇನೂ ಆಗುವುದಿಲ್ಲ. ಆದಕಾರಣ ಈ ನಿಯಮವನ್ನು ಬೇರೆ ತಕ್ಕಡಿಯಲ್ಲೇ ತೂಗಬೇಕು: ಅದು ಆ ಹುಡುಗನಿಗೆ ಒಳಿತು ಮಾಡಿತೇ, ಇಲ್ಲವೇ?

ಪೆರೋ ಮಾಡಿದ ಗಲಾಟೆ

1983ರಲ್ಲಿ ಟೆಕ್ಸಾಸಿನ ಗವರ್ನರ್ ಆಗಿದ್ದವರು ಮಾರ್ಕ್ ವೈಟ್. ಉಪಾಧ್ಯಾಯರ ಸಂಬಳ ಏರಿಸುವುದಾಗಿ ಅವರು ಮಾತು ಕೊಟ್ಟಿದ್ದರು. ಹಣ ಕೊಡುವ ಮೊದಲು ಶಾಲೆಗಳ ಸ್ಥಿತಿ ನೋಡಬೇಕೆಂದು ಒಂದು ಸಮಿತಿಯನ್ನು ನೇಮಿಸಿ, ಕಂಪ್ಯೂಟರ್ ವ್ಯವಹಾರದಿಂದ ಕೋಟ್ಯಧಿಪತಿಯಾಗಿದ್ದ ರಾಸ್ ಪೆರೋ ಅವರನ್ನು ಅದರ ಅಧ್ಯಕ್ಷರನ್ನಾಗಿ ಮಾಡಿದರು. ಮುಂದೆ 1992ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದವರೂ ಇವರೇ. ಕಡ್ಡಿ ಮುರಿದಂತೆ ಮಾತಾಡುವ ಮನುಷ್ಯ. ಶಾಲೆಗಳು ಓದಿಗಾಗಿ ಇವೆಯೋ ಫುಟ್‌ಬಾಲಿಗಾಗಿ ಇವೆಯೋ ಎಂದು ಊರೂರಿನಲ್ಲಿ ಕೇಳುತ್ತ ಹೋದರು. ಸಾಕಿದ ಕೋಳಿಯನ್ನು ಪ್ರದರ್ಶನಗಳಿಗೆ ಒಯ್ಯಲೆಂದು ವಾರಗಟ್ಟಲೆ ತರಗತಿ ತಪ್ಪಿಸಿದ ಹುಡುಗನೊಬ್ಬನ ಕಥೆಯನ್ನು ಹೇಳಿ ಸಭಿಕರನ್ನು ನಗಿಸುತ್ತಿದ್ದರು. ನಕ್ಕವರಿಗೆ ಸ್ವಲ್ಪ ಚುಚ್ಚಿದ್ದೂ ನಿಜ.

1984ರಲ್ಲಿ ವಿಶೇಷ ಅಧಿವೇಶನ ಸೇರಿದ ಶಾಸನಸಭೆ ‘72ನೆಯ ಮಸೂದೆ’ಯನ್ನು ಅಂಗೀಕರಿಸಿತು. ಅದರಲ್ಲಿ ಉಪಾಧ್ಯಾಯರ ಸಂಬಳದ ಏರಿಕೆ, ಕೆಳಗಿನ ತರಗತಿಗಳಲ್ಲಿ ಮಕ್ಕಳ ಸಂಖ್ಯೆಗೆ 22ರ ಮಿತಿ, ಹೈಸ್ಕೂಲು ಮುಗಿಸುವವರಿಗೆ ಪರೀಕ್ಷೆ ಮೊದಲಾದ ಎಷ್ಟೋ ದೊಡ್ಡ ಸುಧಾರಣೆಗಳಿದ್ದವು. ಜನರ ಕಣ್ಣಿಗೆ ಬಿದ್ದದ್ದು ಮಾತ್ರ ಆಟದ ನಿಯಮವೊಂದೇ.

1985ರಲ್ಲಿ ಅದು ಜಾರಿಗೆ ಬಂದೊಡನೆ ಹೂಸ್ಟನ್ ಪ್ರದೇಶದ ಪೋಷಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅವರ ವಾದ ಹಗುರವಾದದ್ದಲ್ಲ. ಎಲ್ಲ ವಿಷಯಗಳಲ್ಲೂ ತೊಂಬತ್ತು ಪಡೆದು ಒಂದರಲ್ಲಿ ಅರುವತ್ತೊಂಬತ್ತು ಪಡೆದವನನ್ನೂ ಹೊರಗಿಡುವುದು ನ್ಯಾಯವೇ? ಉನ್ನತ ಮಟ್ಟದ ಪಾಠ ಓದುವವರಿಗೆ ವಿನಾಯಿತಿ ಉಂಟು. ಸಾಮಾನ್ಯ ಪಾಠದಲ್ಲೇ ಏದುಸಿರು ಬಿಡುವವನಿಗೆ ಏಕಿಲ್ಲ? ಕೆಳಗಿನ ನ್ಯಾಯಾಲಯ ನಿಯಮಕ್ಕೆ ತಡೆ ಕೊಟ್ಟಿತು. ಆದರೆ ಅದೇ ವರ್ಷ ಜುಲೈ ತಿಂಗಳಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ತಡೆಯನ್ನು ತೆಗೆದುಹಾಕಿತು. ಪಾಠಕ್ಕೆ ಹೊರತಾದ ಚಟುವಟಿಕೆಗಳಲ್ಲಿ ಭಾಗವಹಿಸುವುದು ಮೂಲಭೂತ ಹಕ್ಕಲ್ಲ. ಶಿಕ್ಷಣದ ಮಟ್ಟವನ್ನು ಏರಿಸುವ ಉದ್ದೇಶಕ್ಕೂ ಈ ನಿಯಮಕ್ಕೂ ತಕ್ಕ ಸಂಬಂಧವಿದೆ ಎಂಬುದು ತೀರ್ಪಿನ ಸಾರ.

ನ್ಯಾಯಾಲಯದಲ್ಲಿ ಗೆದ್ದ ನಿಯಮ ಅದನ್ನು ತಂದವರನ್ನು ಚುನಾವಣೆಯಲ್ಲಿ ಕಾಪಾಡಲಿಲ್ಲ. 1986ರಲ್ಲಿ ವೈಟ್ ಸೋತರು. ಆ ಸೋಲಿಗೆ ಎಣ್ಣೆಯ ಬೆಲೆ ಕುಸಿದದ್ದೂ ಕಾರಣವೇ. ಆದರೆ ಫುಟ್‌ಬಾಲ್ ತರಬೇತಿದಾರರ ಹಾಗೂ ಆಟದ ಅಭಿಮಾನಿಗಳ ಮುನಿಸನ್ನು ಎಣಿಸದೆ ಆ ಸೋಲಿನ ಲೆಕ್ಕ ಬರೆದವರಿಲ್ಲ.

ಬೀಜಗಣಿತದ ವ್ಯಾಜ್ಯ

ಈ ನಿಯಮ ಎಂಥ ವಿಪರೀತಕ್ಕೆ ಎಡೆಗೊಡಬಹುದೆಂಬುದಕ್ಕೆ 1988ರ ಸಾಕ್ಷಿ ಒಂದಿದೆ. ಡಲ್ಲಾಸ್ ನಗರದ ಕಾರ್ಟರ್ ಹೈಸ್ಕೂಲಿನ ತಂಡ ಆ ವರ್ಷ ಎದುರಿಲ್ಲದಂತೆ ಆಡುತ್ತಿತ್ತು. ಅದರ ಆಟಗಾರರಲ್ಲಿ ಒಬ್ಬನ ಬೀಜಗಣಿತದ ಅಂಕ ಎಪ್ಪತ್ತನ್ನು ಮುಟ್ಟಿತ್ತೋ ಇಲ್ಲವೋ ಎಂಬ ಸಂಶಯ ಎದ್ದಿತು. ಅಂಕವನ್ನು ಲೆಕ್ಕ ಹಾಕಿದ ರೀತಿಯೇ ವಿವಾದಕ್ಕೆ ಸಿಕ್ಕಿತು. ಹುಡುಗ ಅನರ್ಹನೆಂದು ರಾಜ್ಯದ ಶಿಕ್ಷಣಾಧಿಕಾರಿ ಹೇಳಿದರು. ನ್ಯಾಯಾಲಯದ ಆಜ್ಞೆ ತಂದು ಶಾಲೆ ಆಟ ಮುಂದುವರಿಸಿತು. ಒಂದು ವಾರ ವಕೀಲರು, ಮರುವಾರ ಪಂದ್ಯ; ಹೀಗೆ ನಡೆಯಿತು. ಸೆಮಿಫೈನಲಿನಲ್ಲಿ ಕಾರ್ಟರ್ ತಂಡ ಒಡೆಸ್ಸದ ಪರ್ಮಿಯನ್ ಹೈಸ್ಕೂಲನ್ನು 14–9ರಿಂದ ಸೋಲಿಸಿತು; ಬಳಿಕ ರಾಜ್ಯದ ಪ್ರಶಸ್ತಿಯನ್ನೂ ಗೆದ್ದಿತು. ಆ ಋತುವಿನಲ್ಲಿ ಒಡೆಸ್ಸದಲ್ಲೇ ವಾಸವಾಗಿದ್ದ ಪತ್ರಕರ್ತ ಎಚ್. ಜಿ. ಬಿಸಿಂಜರ್ 1990ರಲ್ಲಿ ಪ್ರಕಟಿಸಿದ ‘ಫ್ರೈಡೆ ನೈಟ್ ಲೈಟ್ಸ್’ ಎಂಬ ಪುಸ್ತಕದಲ್ಲಿ ಈ ಪ್ರಸಂಗ ವಿಸ್ತಾರವಾಗಿ ಬಂದಿದೆ.

ಮುಂದೆ ಆ ಪ್ರಶಸ್ತಿಯನ್ನು ಕಾರ್ಟರ್ ಶಾಲೆಯಿಂದ ಹಿಂದಕ್ಕೆ ಪಡೆದು, ಅಂತಿಮ ಪಂದ್ಯದಲ್ಲಿ ಸೋತಿದ್ದ ಕಾನ್ವರ್ಸ್ ಊರಿನ ಜಡ್ಸನ್ ಹೈಸ್ಕೂಲಿಗೆ ಕೊಡಲಾಯಿತು. ಒಬ್ಬನ ಒಂದು ಅಂಕಕ್ಕಾಗಿ ಇಡೀ ತಂಡದ ಗೆಲವು ಅಳಿಸಿಹೋಯಿತು. ಗಮನಿಸಬೇಕಾದದ್ದು ಬೇರೊಂದಿದೆ. ಅಂಕವನ್ನು ಅಧಿಕಾರಿಗಳು ಎಣಿಸಿದರು, ನ್ಯಾಯವಾದಿಗಳು ಎಣಿಸಿದರು, ನ್ಯಾಯಾಧೀಶರೂ ಎಣಿಸಿದರು. ಆ ಹುಡುಗನಿಗೆ ಬೀಜಗಣಿತ ಎಷ್ಟು ತಿಳಿದಿತ್ತೆಂಬುದು ಮಾತ್ರ ವ್ಯಾಜ್ಯದ ವಿಷಯವೇ ಆಗಿರಲಿಲ್ಲ. ಓದಿಗೆ ಗೌರವ ತರಲೆಂದು ಹುಟ್ಟಿದ ನಿಯಮ ಓದನ್ನೇ ಮರೆತುಬಿಟ್ಟಿತ್ತು.

ಗೆರೆಯ ಈಚೆ, ಆಚೆ

ಹಾಗೆಂದು ನಿಯಮವೇ ಕೆಟ್ಟದ್ದೆನ್ನಲಾದೀತೆ? ಫುಟ್‌ಬಾಲ್ ಚೆನ್ನಾಗಿ ಆಡುವನೆಂಬ ಒಂದೇ ಕಾರಣಕ್ಕೆ ಹುಡುಗನೊಬ್ಬನನ್ನು ತರಗತಿಯಿಂದ ತರಗತಿಗೆ ತಳ್ಳಿ, ಹದಿನೆಂಟರಲ್ಲಿ ಬರಿಗೈಯಲ್ಲಿ ಹೊರಗೆ ಕಳಿಸುವುದು ಇನ್ನೂ ದೊಡ್ಡ ಅನ್ಯಾಯ. ಹೈಸ್ಕೂಲಿನಲ್ಲಿ ಆಡುವ ಸಾವಿರಾರು ಹುಡುಗರಲ್ಲಿ ಆಟವನ್ನೇ ಜೀವನೋಪಾಯ ಮಾಡಿಕೊಳ್ಳಬಲ್ಲವರು ಬೆರಳೆಣಿಕೆಯ ಮಂದಿ. ಚಪ್ಪಾಳೆ ನಿಂತ ಮೇಲೆ ಅವನ ಕೈಹಿಡಿಯುವುದು ಅಕ್ಷರವೇ. ಪೆರೋ ಅವರ ಮಾತಿನ ತಿರುಳು ಇದೇ ಆಗಿತ್ತು, ಅದು ಸುಳ್ಳಲ್ಲ.

ಆದರೆ ಎದುರುವಾದದಲ್ಲೂ ತಿರುಳಿತ್ತು. ಬಡತನದ ಮನೆಯಿಂದ ಬಂದ ಎಷ್ಟೋ ಹುಡುಗರನ್ನು ಶಾಲೆಗೆ ಕಟ್ಟಿಹಾಕುವ ಹಗ್ಗ ಆಟವೊಂದೇ. ಆ ಹಗ್ಗವನ್ನು ಕತ್ತರಿಸಿದರೆ ಅವರು ಪುಸ್ತಕದ ಕಡೆಗೆ ಓಡುವರೆಂಬ ಭರವಸೆಯೇನು? ಬೀದಿಯ ಕಡೆಗೂ ಓಡಬಹುದಲ್ಲವೆ? ಆರು ವಾರವೆಂದರೆ ಫುಟ್‌ಬಾಲ್ ಋತುವಿನ ಅರ್ಧಕ್ಕೂ ಮಿಕ್ಕಿದ ಕಾಲ. ಅಷ್ಟು ದಿನ ಅಭ್ಯಾಸದಿಂದಲೂ ಗೆಳೆಯರಿಂದಲೂ ತರಬೇತಿದಾರನ ಕಣ್ಣಿನಿಂದಲೂ ದೂರವಾದವನು ಮರಳಿ ಬರುವುದೇ ಅನುಮಾನ.

ಟೆಕ್ಸಾಸ್ ಇದನ್ನು ಕಂಡುಕೊಳ್ಳಲು ಹತ್ತು ವರ್ಷ ಹಿಡಿಯಿತು. 1995ರಲ್ಲಿ ಶಿಕ್ಷಣ ಸಂಹಿತೆಯನ್ನು ಹೊಸದಾಗಿ ಬರೆದಾಗ ನಿಯಮವನ್ನು ತೆಗೆಯಲಿಲ್ಲ, ಎರಡು ಕಡೆ ತಿದ್ದಿದರು. ಮೂರು ವಾರಗಳ ನಂತರ ಅಂಕಗಳನ್ನು ಮತ್ತೆ ನೋಡಿ, ಸುಧಾರಿಸಿದವನನ್ನು ಒಳಗೆ ಬಿಡಬಹುದು. ಅದಕ್ಕಿಂತ ಮುಖ್ಯವಾಗಿ, ಅನರ್ಹನಾದವನು ಪಂದ್ಯ ಆಡದಿದ್ದರೂ ತಂಡದೊಡನೆ ಅಭ್ಯಾಸ ಮಾಡಬಹುದು. ನೋಡಲು ಸಣ್ಣ ತಿದ್ದುಪಡಿ. ಆದರೆ ಅದರಿಂದ ನಿಯಮದ ಸ್ವಭಾವವೇ ಬದಲಾಯಿತು. ಪಂದ್ಯ ತಪ್ಪಿಸುವುದು ಶಿಕ್ಷೆ. ಅಂಗಣದಿಂದಲೇ ಅಟ್ಟುವುದು ಬಹಿಷ್ಕಾರ. ಮೊದಲನೆಯದು ಹುಡುಗನನ್ನು ತಿದ್ದೀತು. ಎರಡನೆಯದು ಅವನನ್ನು ಕಳೆದುಕೊಂಡೀತು.

ವಯಸ್ಸಿನ ಗೆರೆಯ ವಿಷಯದಲ್ಲೂ ಇಂಥದೇ ಕಥೆಯೊಂದು ಮಿಷಿಗನ್ ರಾಜ್ಯದಲ್ಲಿ ನಡೆಯಿತು. ಅಲ್ಲಿಯೂ ಸೆಪ್ಟೆಂಬರ್ 1ಕ್ಕೆ ಮೊದಲು 19 ತುಂಬಿದವರು ಆಡುವಂತಿರಲಿಲ್ಲ. ಕಲಿಕೆಯ ತೊಂದರೆಯಿಂದ ಹಿಂದುಳಿದು 19 ದಾಟಿದ ಇಬ್ಬರು ಓಟಗಾರರು ನ್ಯಾಯ ಕೇಳಿದಾಗ, 1995ರಲ್ಲಿ ಮೇಲ್ಮನವಿಯ ನ್ಯಾಯಾಲಯ ನಿಯಮದ ಪಕ್ಷವನ್ನೇ ವಹಿಸಿತು. ಹಿರಿಯ ವಯಸ್ಸಿನವನಿಗೆ ಮೈಬಲದ ಮೇಲುಗೈ ಇದೆಯೇ ಎಂದು ಒಬ್ಬೊಬ್ಬನನ್ನೂ ಅಳೆದು ನೋಡುವುದು ಸಂಘದಿಂದ ಆಗದ ಕೆಲಸ ಎಂದಿತು. ಹದಿನೇಳು ವರ್ಷಗಳ ಮೇಲೆ, ಅದೇ ರಾಜ್ಯದ ಉತ್ತರಭಾಗದ ಸಣ್ಣ ಊರೊಂದರಲ್ಲಿ ಡೌನ್ ಸಿಂಡ್ರೋಮ್ ಇದ್ದ ಬಾಲಕನೊಬ್ಬ ತನ್ನ ಕೊನೆಯ ವರ್ಷದಲ್ಲಿ ಗೆಳೆಯರೊಡನೆ ಬ್ಯಾಸ್ಕೆಟ್‌ಬಾಲ್ ಆಡಲಾರದಂತಾಯಿತು. ಅವನಿಂದ ಯಾವ ಎದುರಾಳಿಗೂ ಅಪಾಯವಿರಲಿಲ್ಲ. ಈ ಬಾರಿ ಮಾತು ಜನರ ಮುಂದೆ ಹೋಯಿತು. ಸಾವಿರಾರು ಜನ ಸಹಿ ಹಾಕಿದರು. 2012ರಲ್ಲಿ ಮಿಷಿಗನ್ನಿನ ಶಾಲೆಗಳು ತಾವೇ ಮತ ಹಾಕಿ, ಇಂಥ ಮಕ್ಕಳಿಗೆ ವಿನಾಯಿತಿ ಕೊಡಲು ನಿಯಮದಲ್ಲಿ ಕಿಂಡಿಯೊಂದನ್ನು ತೆರೆದವು. ಗೆರೆ ಇದ್ದಲ್ಲೇ ಉಳಿಯಿತು; ಆಚೆ ನಿಂತವನು ಯಾರೆಂದು ನೋಡುವ ಕಣ್ಣು ಮಾತ್ರ ಅದಕ್ಕೆ ಬಂತು.

ಮಾರ್ಕ್ ವೈಟ್ 2017ರಲ್ಲಿಯೂ ರಾಸ್ ಪೆರೋ 2019ರಲ್ಲಿಯೂ ತೀರಿಕೊಂಡರು. ಅವರು ತಂದ ನಿಯಮ, ತಿದ್ದಿದ ರೂಪದಲ್ಲಿ, ಅವರ ಕಾಲದ ನಂತರವೂ ಬಾಳಿತು. ಒಮ್ಮೆ ಅದನ್ನು ಶಪಿಸಿದವರ ಊರುಗಳಲ್ಲೇ, ಮಕ್ಕಳ ಅಂಕಪಟ್ಟಿ ನೋಡಿ, ಹಿಂದೆ ಬಿದ್ದವರಿಗೆ ಬೆಳಗ್ಗೆಯೋ ಸಂಜೆಯೋ ಪಾಠ ಹೇಳಿಸುವುದು ತರಬೇತಿದಾರನ ಕೆಲಸದ ಒಂದು ಭಾಗವಾಯಿತು. ನಿಯಮದಿಂದ ಆದ ದೊಡ್ಡ ಉಪಕಾರ ಬಹುಶಃ ಇದೇ. ಆಟ ಕಲಿಸುವವನಿಗೂ ಹುಡುಗನ ಓದು ತನ್ನ ಹೊಣೆಯೆಂದು ಅದು ತಿಳಿಸಿಕೊಟ್ಟಿತು. ಮಗನ ಅಂಕಪಟ್ಟಿ ಕಂಡು ಸಿಟ್ಟಿನಿಂದ ಬ್ಯಾಟನ್ನೋ ಚೆಂಡನ್ನೋ ಅಟ್ಟದ ಮೇಲೆ ಬಚ್ಚಿಡಹೊರಟ ತಂದೆತಾಯಿಗಳು ಒಂದು ಗಳಿಗೆ ಇದನ್ನು ಯೋಚಿಸಬಹುದು. ಒಂದು ಪಂದ್ಯ ತಪ್ಪಿದರೆ ಅವನು ಸಹಿಸಿಯಾನು, ತಿದ್ದಿಕೊಂಡಾನು. ಆದರೆ ಮರಳಿ ಬರುವ ದಾರಿ ಯಾವುದೆಂದು ಅವನಿಗೆ ಹೇಳಿರಬೇಕು. ಆ ದಾರಿಯಲ್ಲಿ ಅವನ ಜೊತೆಗೆ ಯಾರಾದರೂ ಇರಬೇಕು.