ವಿದ್ಯಾರ್ಥಿ ಪತ್ರಿಕೆಯ ಆಯುಸ್ಸು

ವಿದ್ಯಾರ್ಥಿಗಳು ಹೊರಡಿಸುವ ಪತ್ರಿಕೆಗೆ ಹುಟ್ಟಿನಲ್ಲಿಯೇ ಒಂದು ಗಂಡಾಂತರವುಂಟು. ಸಂಪಾದಕನು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಊರು ಬಿಟ್ಟನೆಂದರೆ ಪತ್ರಿಕೆ ತಬ್ಬಲಿಯಾಗುತ್ತದೆ. ಈ ಗಂಡಾಂತರವನ್ನು ದಾಟಿದವುಗಳಲ್ಲಿ, ನಮ್ಮ ನಾಡಿನ ಮಟ್ಟಿಗೆ, ಮೊದಲು ನೆನೆಯಬೇಕಾದುದು ‘ಪ್ರಬುದ್ಧ ಕರ್ಣಾಟಕ’ವನ್ನು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ವಿದ್ಯಾರ್ಥಿಗಳನ್ನು ಕೂಡಿಸಿ ನಡೆಸಿದ ಕರ್ಣಾಟಕ ಸಂಘದಿಂದ 1919ರಲ್ಲಿ ಈ ತ್ರೈಮಾಸಿಕ ಹೊರಟಿತು. ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಮೂರೇ ವರ್ಷ. ಅಲ್ಲಿ ಕನ್ನಡದ ಎಂ.ಎ. ತರಗತಿ ತೆರೆದುದು 1927ರಲ್ಲಿ. ಎಂದರೆ, ಕನ್ನಡದ ಉನ್ನತ ವ್ಯಾಸಂಗಕ್ಕೆ ತರಗತಿ ದೊರೆಯುವುದಕ್ಕೆ ಎಂಟು ವರ್ಷ ಮೊದಲೇ ಅದಕ್ಕೊಂದು ಪತ್ರಿಕೆ ದೊರೆತಿತ್ತು! ವಿದ್ಯಾರ್ಥಿಗಳು ಬಂದರು, ಹೋದರು, ಶಾಸ್ತ್ರಿಗಳು ನಿಂತರು. ಮುಂದೆ ವಿಶ್ವವಿದ್ಯಾನಿಲಯವೇ ಪತ್ರಿಕೆಯನ್ನು ವಹಿಸಿಕೊಂಡಿತು. ದತ್ತು ಹೋದ ಮಗು ಸುಖವಾಗಿ ಬೆಳೆಯಿತು. ಮನೆತನ ಮಾತ್ರ ಬದಲಾಯಿತು.

ಅದಕ್ಕೆ ಒಂದು ವರ್ಷ ಹಿಂದೆ, 1918ರಲ್ಲಿ, ಅದೇ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದ್ದರು. ಅದು ಅಧ್ಯಾಪಕರ ಪತ್ರಿಕೆ. ಬದುಕಿದ್ದು ಸುಮಾರು ಎರಡು ವರ್ಷ. ಆದರೂ ನನ್ನ ಒಲವು ಈ ಅಲ್ಪಾಯುವಿನ ಕಡೆಗೇ ಹೆಚ್ಚು. ಸಾಹಿತ್ಯದ ಲೇಖಕನಿಗೆ ಪಂಪನಿಂದ ಬಂದ ಆಸ್ತಿಯಿತ್ತು. ವಿಜ್ಞಾನದ ಲೇಖಕನಾದರೋ ಒಂದು ವಾಕ್ಯ ಬರೆಯಲು ಎರಡು ಪದಗಳನ್ನು ಟಂಕಿಸಬೇಕಾಗಿತ್ತು.

ಈ ಕಷ್ಟ ಇಂದಿಗೂ ತೀರಿಲ್ಲ. ಅಮೆರಿಕದ ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧನ ವಿದ್ಯಾರ್ಥಿಗಳು 2003ರಲ್ಲಿ ‘ಕಾಗ್ನಿಟಿವ್ ಸೈನ್ಸ್ ಆನ್‌ಲೈನ್’ ಎಂಬ ವಿದ್ವತ್ಪತ್ರಿಕೆಯ ಮೊದಲ ಸಂಪುಟವನ್ನು ಅಂತರಜಾಲದಲ್ಲಿ ತಂದರು. ಮನಸ್ಸು ಹೇಗೆ ಕಾಣುತ್ತದೆ, ಹೇಗೆ ನೆನೆಯುತ್ತದೆ, ಮಾತನ್ನು ಹೇಗೆ ಕಲಿಯುತ್ತದೆ ಎಂಬುದು ಈ ಶಾಸ್ತ್ರದ ವಿಷಯ. ನಮಗಿದು ತೀರ ಹೊಸತೂ ಅಲ್ಲ, ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ತೆರೆದುದು 1924ರಲ್ಲಿ.

ನವುಲೆಯ ಕೆಲವು ವಿದ್ಯಾರ್ಥಿಗಳು ಇಂಥದೇ ಪತ್ರಿಕೆಯೊಂದನ್ನು ಕನ್ನಡದಲ್ಲಿ ನಡೆಸಬೇಕೆಂದು ಈಚೆಗೆ ನನ್ನನ್ನು ಕಂಡರು. ಕಾಗದ, ಅಚ್ಚು, ಅಂಚೆಗಳ ವೆಚ್ಚ ಅವರಿಗಿಲ್ಲ. ಆದರೆ ಮೊದಲ ಪುಟದಲ್ಲಿಯೇ ತೊಡಕು: ‘ಕಾಗ್ನಿಷನ್’ ಎಂಬುದಕ್ಕೆ ಏನೆನ್ನುವುದು? ‘ಸಂಜ್ಞಾನ’ವೆಂದರೆ ಓದುಗನಿಗೆ ದೂರ, ‘ಅರಿವು’ ಎಂದರೆ ಹತ್ತಿರ, ಆದರೆ ವಚನಕಾರರ ಕೈಯಲ್ಲಿ ಪಳಗಿದ ಆ ಮಾತಿನ ಭಾರವೇ ಬೇರೆ. ನನ್ನ ಮತ ‘ಅರಿವಿ’ಗೆ, ಅವರಲ್ಲಿ ಒಮ್ಮತವಿಲ್ಲ. ಚರ್ಚೆ ನಡೆದಿದೆ. ಸಂಪಾದಕರ ಪಟ್ಟಿಯಲ್ಲಿರುವ ನಾಲ್ವರೂ ಅಂತಿಮ ವರ್ಷದವರು. ಮೊದಲ ವರ್ಷದ ಇಬ್ಬರನ್ನು ಸೇರಿಸಿಕೊಂಡು ಬನ್ನಿರೆಂದು ಹೇಳಿ ಕಳುಹಿಸಿದ್ದೇನೆ.