ಮೀರ್‌ಪುರದಿಂದ ಬಂದವರು, ಟೋಕಿಯೊದಿಂದ ಬಂದವರು

ಬ್ರಾಡ್‌ಫೋರ್ಡಿನ ಆ ಮನೆಗಳಲ್ಲಿ ಹಾಸಿಗೆ ತಣ್ಣಗಾಗುತ್ತಿರಲಿಲ್ಲ. ರಾತ್ರಿ ಪಾಳಿ ಮುಗಿಸಿದವನು ಬೆಳಗಿನ ಚಳಿಯಲ್ಲಿ ಬಂದು ಹೊದ್ದು ಮಲಗುವ ಹೊತ್ತಿಗೆ, ಹಗಲು ಪಾಳಿಯವನು ಅದೇ ಹಾಸಿಗೆಯಿಂದ ಎದ್ದು ಗಿರಣಿಗೆ ಹೊರಟಿರುತ್ತಿದ್ದ. 1950ರ ದಶಕದ ಕೊನೆ, 60ರ ದಶಕದ ಆರಂಭದ ಮಾತಿದು. ಉತ್ತರ ಇಂಗ್ಲೆಂಡಿನ ಆ ಉಣ್ಣೆಯ ಊರಿನಲ್ಲಿ, ಕಲ್ಲಿದ್ದಲ ಹೊಗೆಗೆ ಕಪ್ಪಾಗಿದ್ದ ಸಾಲುಮನೆಗಳಲ್ಲಿ, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಂಡಸರು ಒಟ್ಟೊಟ್ಟಿಗೆ ಇರುತ್ತಿದ್ದರು. ಅವರಲ್ಲಿ ಹೆಚ್ಚಿನವರ ಊರು ಒಂದೇ: ಪಾಕಿಸ್ತಾನದ ಆಡಳಿತದಲ್ಲಿರುವ ಕಾಶ್ಮೀರದ ಮೀರ್‌ಪುರ ಸೀಮೆ.

ಅದೇ ದೇಶದ ಇನ್ನೊಂದು ಮನೆ, ಸುಮಾರು ಮೂವತ್ತು ವರ್ಷ ಈಚೆಗೆ. ಲಂಡನ್ನಿನ ಪಶ್ಚಿಮದ ಆಕ್ಟನ್ ಬಡಾವಣೆ. ಯಜಮಾನ ಜಪಾನಿನ ಬ್ಯಾಂಕಿನಲ್ಲೋ ವ್ಯಾಪಾರ ಸಂಸ್ಥೆಯಲ್ಲೋ ನೌಕರ. ಬಾಡಿಗೆ ಕಟ್ಟುವುದು ಕಂಪನಿ. ಮಕ್ಕಳು ಹೋಗುವುದು ಅಲ್ಲೇ ಇರುವ ಜಪಾನಿ ಶಾಲೆಗೆ. ಇಂಗ್ಲೆಂಡಿನ ಶಾಲೆಗಳು ಸೆಪ್ಟೆಂಬರಿನಲ್ಲಿ ತೆರೆದರೆ ಈ ಶಾಲೆಯ ವರ್ಷ ಏಪ್ರಿಲ್‌ನಲ್ಲೇ ಶುರು, ಜಪಾನಿನಲ್ಲಿ ಇರುವ ಹಾಗೆ. ನಾಲ್ಕೈದು ವರ್ಷ ಕಳೆದರೆ ಇವರು ಊರಿಗೆ ಮರಳುತ್ತಾರೆ, ಇವರ ಜಾಗಕ್ಕೆ ಇನ್ನೊಂದು ಕುಟುಂಬ ಬರುತ್ತದೆ.

2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಮ್ಮನ್ನು ಪಾಕಿಸ್ತಾನಿ ಮೂಲದವರೆಂದು ಬರೆಸಿದವರು ಸುಮಾರು 15.9 ಲಕ್ಷ. ಬ್ರಿಟನ್ನಿನಲ್ಲಿರುವ ಜಪಾನೀಯರು 60 ಸಾವಿರದ ಆಸುಪಾಸು. ಪಾಕಿಸ್ತಾನಿ ಮೂಲದ ಮನೆಗಳಲ್ಲಿ ಸರಿಸುಮಾರು ಅರ್ಧದಷ್ಟು, ವಸತಿಯ ಖರ್ಚು ಕಳೆದರೆ, ಬಡತನದ ರೇಖೆಯ ಕೆಳಗೆ ಬೀಳುತ್ತವೆ. ಕಂಪನಿ ಕಳಿಸಿದ ಜಪಾನಿ ಕುಟುಂಬಗಳಿಗೆ ಆ ಚಿಂತೆಯಿಲ್ಲ. ಇಷ್ಟು ಅಂಕಿ ಕೈಗೆ ಸಿಕ್ಕರೆ ಸಾಕು, ಕಾರಣ ಹೇಳಲು ಜನ ಮುಂದಾಗುತ್ತಾರೆ: ಅವರು ಓದುವವರು, ಇವರು ಓದದವರು, ಅವರದು ಶಿಸ್ತು, ಇವರದು ಸಂಪ್ರದಾಯ. ಈ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಎರಡೂ ಸಮುದಾಯಗಳು ಬ್ರಿಟನ್ನಿಗೆ ಹೇಗೆ ಬಂದವು, ಯಾರು ಕರೆದರು, ಯಾವ ಕಾಗದ ಹಿಡಿದು ಬಂದವು ಎಂದು ಹಿಂದಕ್ಕೆ ಹೋಗಿ ನೋಡಿದರೆ ಕಾಣುವುದೇ ಬೇರೆ.

ಮೀರ್‌ಪುರದ ಕಥೆ ಶುರುವಾಗುವುದು ಝೇಲಂ ನದಿಯ ದೋಣಿಗಳಿಂದ. ಪಂಜಾಬಿನ ಬಯಲಿಗೆ ಬ್ರಿಟಿಷರು ಕಾಲುವೆ ತೋಡಿ ನೀರು ಹರಿಸಿದರು. ಮೀರ್‌ಪುರದ ಗುಡ್ಡಗಾಡಿನ ಹೊಲಗಳು ಮಾತ್ರ ಮಳೆಯನ್ನೇ ನೆಚ್ಚಿಕೊಂಡು ಉಳಿದವು. ಹೊಲ ಕೈಕೊಟ್ಟರೆ ದೋಣಿ ಇತ್ತು. ನದಿಯುದ್ದಕ್ಕೂ ಸರಕು ಸಾಗಿಸಿಕೊಂಡು ಸಿಂಧ್‌ವರೆಗೆ ಹೋಗುವ ಅಂಬಿಗರು ಅಲ್ಲಿ ಬಹಳ ಜನ ಇದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ರೈಲು ಬಂದು ಆ ಸರಕನ್ನೆಲ್ಲ ಎತ್ತಿಕೊಂಡಿತು. ಕಸುಬು ಕಳೆದುಕೊಂಡ ಅಂಬಿಗರು ಕರಾಚಿಗೆ, ಬೊಂಬಾಯಿಗೆ ಹೋಗಿ ಉಗಿಹಡಗು ಹತ್ತಿದರು. ಅಲ್ಲಿ ಅವರಿಗೆ ಸಿಕ್ಕಿದ್ದು ಹಡಗಿನ ತಳದಲ್ಲಿ ಬಾಯ್ಲರಿಗೆ ಕಲ್ಲಿದ್ದಲು ತುಂಬುವ, ಬೇರೆ ಯಾರಿಗೂ ಬೇಡವಾದ ಕೆಲಸ. ಕೆಲವರು ಬ್ರಿಟನ್ನಿನ ಬಂದರುಗಳಲ್ಲಿ ಇಳಿದು ಅಲ್ಲೇ ಉಳಿದರು. ಎರಡನೆಯ ಮಹಾಯುದ್ಧದಲ್ಲಿ ಇಂಥ ನಾವಿಕರಲ್ಲಿ ಕೆಲವರು ಒಳನಾಡಿನ ಕಾರ್ಖಾನೆಗಳಿಗೆ ಸೇರಿಕೊಂಡರು. ಮುಂದೆ ಬಂದ ಸಾವಿರಾರು ಜನರಿಗೆ ಮೊದಲ ವಿಳಾಸ ಸಿಕ್ಕಿದ್ದು ಇವರಿಂದ.

ಯುದ್ಧ ಮುಗಿದ ಮೇಲೆ ಉಣ್ಣೆ, ಹತ್ತಿ ಗಿರಣಿಗಳಿಗೆ ಕೈಗಳು ಸಾಲದಾದವು. ಸ್ಥಳೀಯರು ಹೆಚ್ಚು ಸಂಬಳದ, ಕಡಿಮೆ ದೂಳಿನ ಕೆಲಸಗಳಿಗೆ ಹೋಗುತ್ತಿದ್ದರು. ಮಾಲೀಕರು ಹಳೆಯ ಯಂತ್ರ ತೆಗೆದು ಹೊಸದು ಹಾಕಿದ್ದರು. ಹಾಕಿದ ಬಂಡವಾಳ ಮರಳಬೇಕಾದರೆ ಅವು ಹಗಲೂ ರಾತ್ರಿಯೂ ಓಡಬೇಕಿತ್ತು. ಕಾರ್ಖಾನೆ ಕಾಯ್ದೆಯ ಪ್ರಕಾರ ಹೆಂಗಸರನ್ನು ರಾತ್ರಿ ದುಡಿಸುವಂತಿರಲಿಲ್ಲ. ಹಾಗಾಗಿ ರಾತ್ರಿ ಪಾಳಿ ಪಾಕಿಸ್ತಾನದಿಂದ ಬಂದವರ ಪಾಲಾಯಿತು. ಎಷ್ಟೋ ಗಿರಣಿಗಳಲ್ಲಿ ಆ ಪಾಳಿಯಲ್ಲಿ ಬಿಳಿಯರೇ ಕಾಣುತ್ತಿರಲಿಲ್ಲ. ಪಕ್ಕದ ಯಂತ್ರದವನು ಭಾವಮೈದುನ, ಆಚೆಯವನು ಅದೇ ಹಳ್ಳಿಯವನು. ಹತ್ತು ವರ್ಷ ದುಡಿದರೂ ಇಂಗ್ಲಿಷಿನ ನಾಲ್ಕು ಮಾತಿನ ಅಗತ್ಯ ಬೀಳಲಿಲ್ಲ. ಇವರು ಭಾಷೆ ಕಲಿಯಲಿಲ್ಲ ಎಂದು ದೂರುವವರು ಈ ಪಾಳಿಯ ಪಟ್ಟಿಯನ್ನು ಒಮ್ಮೆ ನೋಡಬೇಕು.

ಅಲ್ಲೇ ನೆಲೆಸುವ ಯೋಚನೆ ಅವರಿಗೂ ಇರಲಿಲ್ಲ ಎಂಬುದು ಮುಖ್ಯ. ಮೂರು ನಾಲ್ಕು ವರ್ಷ ದುಡಿದು, ಸಾಲ ತೀರಿಸಿ, ಊರಲ್ಲಿ ತುಂಡು ನೆಲವೋ ಪಕ್ಕಾ ಮನೆಯೋ ಮಾಡಿಕೊಂಡು ಹಿಂದಿರುಗುವುದು. ತನ್ನ ಜಾಗಕ್ಕೆ ತಮ್ಮನನ್ನೋ ಚಿಕ್ಕಪ್ಪನ ಮಗನನ್ನೋ ಕಳಿಸುವುದು. 1948ರ ಬ್ರಿಟಿಷ್ ರಾಷ್ಟ್ರೀಯತೆ ಕಾಯ್ದೆ ಕಾಮನ್‌ವೆಲ್ತ್ ದೇಶಗಳವರಿಗೆ ಹೋಗಿಬರುವ ಹಕ್ಕು ಕೊಟ್ಟಿದ್ದರಿಂದ ಈ ಸರದಿ ಸಲೀಸಾಗಿ ನಡೆಯುತ್ತಿತ್ತು.

ಅದನ್ನು ಮುರಿದದ್ದು ವಲಸೆ ತಡೆಯಲೆಂದೇ ಬಂದ ಕಾಯ್ದೆ. 1962ರ ಜುಲೈ 1ರಿಂದ ಕಾಮನ್‌ವೆಲ್ತ್ ವಲಸಿಗರ ಕಾಯ್ದೆ ಜಾರಿಯಾಗುತ್ತದೆ, ಇನ್ನು ಮುಂದೆ ಕೆಲಸದ ವೋಚರ್ ಇದ್ದವರಿಗಷ್ಟೇ ಪ್ರವೇಶ ಎಂಬ ಸುದ್ದಿ ಮೊದಲೇ ಹಬ್ಬಿತು. 1960ರಲ್ಲಿ ಪಾಕಿಸ್ತಾನದಿಂದ ಬಂದವರು ಸುಮಾರು 2,500. 1961ರಲ್ಲಿ 25 ಸಾವಿರ. 1962ರ ಮೊದಲ ಆರು ತಿಂಗಳಲ್ಲೇ ಮತ್ತೆ 25 ಸಾವಿರ. ಬಂದವರು ಈಗ ಹಿಂದಿರುಗಲು ಹೆದರಿದರು. ಒಮ್ಮೆ ಊರಿಗೆ ಹೋದರೆ ಮತ್ತೆ ಬಿಡುತ್ತಾರೋ ಇಲ್ಲವೋ! ಕಾಯ್ದೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಅವಕಾಶ ಉಳಿಸಿತ್ತು. ನಾಲ್ಕು ದಿನ ದುಡಿದು ಹೋಗಲು ಬಂದವರು ಹೀಗೆ ನೆಲೆನಿಂತರು.

ಅದೇ ವರ್ಷಗಳಲ್ಲಿ ಊರಿನ ಕಡೆಯ ನೆಲವೂ ಜಾರುತ್ತಿತ್ತು. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ ಮತ್ತು ಅಯೂಬ್ ಖಾನ್ ಸಿಂಧೂ ಜಲ ಒಪ್ಪಂದಕ್ಕೆ ಸಹಿ ಹಾಕಿದರು. ಪೂರ್ವದ ಮೂರು ನದಿಗಳು ಭಾರತದ ಪಾಲಾದ್ದರಿಂದ ಪಾಕಿಸ್ತಾನ ಪಶ್ಚಿಮದ ನೀರನ್ನು ಹಿಡಿದಿಡಬೇಕಾಯಿತು. ಝೇಲಂಗೆ ಅಡ್ಡಲಾಗಿ ಮಂಗ್ಲಾ ಅಣೆಕಟ್ಟು ಎದ್ದು 1967ರಲ್ಲಿ ಮುಗಿಯಿತು. ಹಳೆಯ ಮೀರ್‌ಪುರ ಪಟ್ಟಣ, ಡಡಿಯಾಲ್, ಸುತ್ತಲಿನ ಹಳ್ಳಿಗಳು ನೀರೊಳಗೆ ಹೋದವು. ಎತ್ತಂಗಡಿಯಾದವರು ಒಂದು ಲಕ್ಷಕ್ಕೂ ಮೇಲೆ. ಮುಳುಗಡೆ ಎಂಬ ಮಾತನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಲಿಂಗನಮಕ್ಕಿ ಶರಾವತಿಗೆ ಅಡ್ಡ ನಿಂತದ್ದೂ ಅದೇ ದಶಕದಲ್ಲಿ, 1964ರಲ್ಲಿ. ಮೀರ್‌ಪುರದವರಲ್ಲಿ ಕೆಲವರಿಗೆ ಪಂಜಾಬಿನ ಕಾಲುವೆ ಸೀಮೆಯಲ್ಲಿ ಜಮೀನು ಸಿಕ್ಕಿತು. ಅಣ್ಣನ ವಿಳಾಸ ಬ್ರಾಡ್‌ಫೋರ್ಡಿನಲ್ಲಿ ಇದ್ದವರು ಪರಿಹಾರದ ಹಣದಲ್ಲಿ ವಿಮಾನದ ಟಿಕೆಟ್ ಕೊಂಡರು.

ಮನೆ ಕೊಳ್ಳುವ ಹಟವೂ ಆ ದಿನಗಳಲ್ಲೇ ಹುಟ್ಟಿತು. ಬಾಡಿಗೆಗೆ ಕೊಡಲು ಬಿಳಿಯರು ಹಿಂದೆಗೆಯುತ್ತಿದ್ದರು, ಸಾಲ ಕೊಡುವ ಸಂಸ್ಥೆಗಳು ಇವರ ಕಡೆ ನೋಡುತ್ತಿರಲಿಲ್ಲ. ಆಗ ಕೈಹಿಡಿದದ್ದು ಕಮೇಟಿ. ಕಮಿಟಿ ಎಂಬ ಇಂಗ್ಲಿಷ್ ಮಾತೇ ಪಂಜಾಬಿ ನಾಲಿಗೆಯಲ್ಲಿ ಹಾಗಾಗಿದೆ. ಹತ್ತಿಪ್ಪತ್ತು ಜನ ವಾರಕ್ಕೋ ತಿಂಗಳಿಗೋ ಇಷ್ಟೆಂದು ಹಾಕುವುದು, ಸರದಿಯ ಮೇಲೆ ಒಬ್ಬರು ಇಡೀ ಮೊತ್ತ ಎತ್ತಿಕೊಳ್ಳುವುದು. ನಮ್ಮ ಚೀಟಿಯೇ, ಆದರೆ ಹರಾಜು ಇಲ್ಲ, ಬಡ್ಡಿ ಇಲ್ಲ; ಯಾರಿಗೆ ತುರ್ತೋ ಅವರಿಗೆ ಮೊದಲು. ಹೀಗೆ ಕೂಡಿಸಿದ ಹಣದಲ್ಲಿ ಹಳೆಯ ಸಾಲುಮನೆಗಳನ್ನು ಒಂದೊಂದಾಗಿ ಕೊಂಡರು. ಇಂದಿಗೂ ಪಾಕಿಸ್ತಾನಿ ಮೂಲದ ಕುಟುಂಬಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ವಂತ ಮನೆಯಲ್ಲಿವೆ. ಆಕ್ಟನ್ನಿನ ಸಿರಿವಂತ ಜಪಾನಿ ಬಾಡಿಗೆದಾರ, ಬ್ರಾಡ್‌ಫೋರ್ಡಿನ ಬಡ ಮೀರ್‌ಪುರಿ ಮನೆಯೊಡೆಯ. ಆದರೆ ಉದ್ಯಮ ಸಾಯುತ್ತಿದ್ದ ಊರಿನ ಮನೆಗೆ ಲಂಡನ್ನಿನಲ್ಲಿ ಏರಿದಂತೆ ಬೆಲೆ ಏರಲಿಲ್ಲ. ಉಳಿತಾಯದ ಇನ್ನೊಂದು ಪಾಲು ಹೊಸ ಮೀರ್‌ಪುರದಲ್ಲಿ ಮಹಡಿಮನೆಗಳಾಗಿ ನಿಂತಿದೆ. ಅವುಗಳಲ್ಲಿ ಎಷ್ಟೋ ವರ್ಷದ ಬಹುಪಾಲು ಬೀಗ ಹಾಕಿಕೊಂಡೇ ಇರುತ್ತವೆ.

ಗಿರಣಿಗಳು 1970ರ ದಶಕದಿಂದ ಒಂದೊಂದಾಗಿ ನಿಂತವು. ಏಷ್ಯಾದ ಅಗ್ಗದ ಬಟ್ಟೆಯ ಎದುರು ಅವು ಉಳಿಯಲಿಲ್ಲ. ಬ್ರಾಡ್‌ಫೋರ್ಡಿನ ಆಕಾಶಕ್ಕೆ ಚಿಮಣಿ ಎತ್ತಿ ನಿಂತಿದ್ದ ಲಿಸ್ಟರ್ ಗಿರಣಿ 1992ರಲ್ಲಿ ಕೊನೆಯ ಬಾಗಿಲು ಹಾಕಿತು. ನಡುವಯಸ್ಸಿನ, ಒಂದೇ ಕೆಲಸ ಬಲ್ಲ, ಇಂಗ್ಲಿಷ್ ಬಾರದ ಸಾವಿರಾರು ಜನ ಒಮ್ಮೆಲೆ ಬೀದಿಗೆ ಬಿದ್ದರು. ಕೆಲವರು ಅಂಗಡಿ ಇಟ್ಟರು, ಹಲವರು ಟ್ಯಾಕ್ಸಿ ಹಿಡಿದರು. 2001ರ ಜನಗಣತಿಯ ಲೆಕ್ಕದಲ್ಲಿ ಕೆಲಸದಲ್ಲಿದ್ದ ಪಾಕಿಸ್ತಾನಿ ಗಂಡಸರಲ್ಲಿ ಏಳಕ್ಕೊಬ್ಬರು ಬಾಡಿಗೆ ಕಾರಿನ ಚಾಲಕರು. ಬಿಳಿಯ ಬ್ರಿಟಿಷರಲ್ಲಿ ನೂರಕ್ಕೊಬ್ಬರು. ಅಪ್ಪ ರಾತ್ರಿ ಪಾಳಿಯಲ್ಲಿ ಮಗ್ಗ ನೋಡಿಕೊಂಡ, ಮಗ ರಾತ್ರಿಯೆಲ್ಲ ಸ್ಟೀರಿಂಗ್ ಹಿಡಿದ.

ಇನ್ನು ಜಪಾನೀಯರು. ಯುದ್ಧದ ನಂತರ ಎಷ್ಟೋ ವರ್ಷ ಜಪಾನಿನ ಸಾಮಾನ್ಯ ಪ್ರಜೆ ಮನಬಂದಂತೆ ವಿದೇಶಕ್ಕೆ ಹೋಗುವಂತೆಯೇ ಇರಲಿಲ್ಲ. ವಿದೇಶಿ ವಿನಿಮಯದ ಬಿಗಿ ಸಡಿಲಿಸಿ ಪ್ರವಾಸಕ್ಕೆ ಅನುಮತಿ ಕೊಟ್ಟದ್ದು 1964ರ ಏಪ್ರಿಲ್‌ನಲ್ಲಿ. ಬ್ರಿಟನ್ನಿಗೆ ಬಂದವರು ವ್ಯಾಪಾರ ಸಂಸ್ಥೆಗಳ, ಬ್ಯಾಂಕುಗಳ ನೌಕರರು. ಆಮೇಲೆ ಕಾರ್ಖಾನೆಗಳು ಬಂದವು. ಸೋನಿ 1974ರಲ್ಲಿ ವೇಲ್ಸಿನ ಬ್ರಿಡ್ಜೆಂಡ್‌ನಲ್ಲಿ ಟಿವಿ ಕಾರ್ಖಾನೆ ತೆರೆಯಿತು. ಜಪಾನಿ ಕಾರುಗಳ ಪಾಲು ಬ್ರಿಟನ್ನಿನ ಮಾರುಕಟ್ಟೆಯಲ್ಲಿ ಶೇ 11ರ ಆಸುಪಾಸು ಮೀರಬಾರದೆಂದು ಎರಡೂ ಕಡೆಯ ಉದ್ಯಮಗಳ ನಡುವೆ ಒಡಂಬಡಿಕೆ ಇತ್ತು. ಅದನ್ನು ದಾಟುವ ದಾರಿ ಒಂದೇ, ಬ್ರಿಟನ್ನಿನಲ್ಲೇ ಕಾರು ಮಾಡುವುದು. ನಿಸ್ಸಾನ್ 1984ರಲ್ಲಿ ಒಪ್ಪಂದ ಮಾಡಿಕೊಂಡು, ಹಡಗುಕಟ್ಟೆಗಳೂ ಕಲ್ಲಿದ್ದಲ ಗಣಿಗಳೂ ಸೊರಗುತ್ತಿದ್ದ ಸಂಡರ್‌ಲೆಂಡ್‌ನಲ್ಲಿ ಹಳೆಯ ವಿಮಾನ ನಿಲ್ದಾಣದ ಜಾಗದಲ್ಲಿ ಕಾರ್ಖಾನೆ ಕಟ್ಟಿತು. 1986ರಲ್ಲಿ ಮೊದಲ ಕಾರು ಹೊರಬಂತು. ಸರ್ಕಾರ ಧನಸಹಾಯ ಕೊಟ್ಟಿತು, ಪ್ರಧಾನಿ ಥ್ಯಾಚರ್ ಬಂದು ಉದ್ಘಾಟಿಸಿದರು. ಮುಂದೆ ಡರ್ಬಿ ಬಳಿ ಟೊಯೊಟಾ, ಸ್ವಿಂಡನ್‌ನಲ್ಲಿ ಹೋಂಡಾ.

ಬ್ರಾಡ್‌ಫೋರ್ಡಿನಲ್ಲಿ ಯಂತ್ರ ಅಲ್ಲೇ ಇತ್ತು, ಕೂಲಿಯಾಳು ದೂರದಿಂದ ಬಂದ. ಸಂಡರ್‌ಲೆಂಡ್‌ನಲ್ಲಿ ಕೂಲಿಯಾಳು ಅಲ್ಲೇ ಇದ್ದ, ಬಂಡವಾಳ ದೂರದಿಂದ ಬಂತು. ಬಂಡವಾಳದ ಜೊತೆ ಬಂದವನನ್ನು ಸರ್ಕಾರವೇ ಎದುರುಗೊಳ್ಳುತ್ತದೆ.

ಜಪಾನಿ ಭಾಷೆಯಲ್ಲಿ ಹೀಗೆ ಕಂಪನಿ ಕಳಿಸಿದ ನೌಕರನಿಗೆ ಚೂಜೈಇನ್ ಎನ್ನುತ್ತಾರೆ. ಸರದಿ ಇವರಲ್ಲೂ ಇದೆ. ಮೀರ್‌ಪುರದ ಅಣ್ಣ ತಮ್ಮಂದಿರು 1962ಕ್ಕೆ ಮುಂಚೆ ನಡೆಸುತ್ತಿದ್ದ ಹಾಗೆಯೇ ಒಬ್ಬ ಹೋಗುತ್ತಾನೆ, ಇನ್ನೊಬ್ಬ ಬರುತ್ತಾನೆ. ಅವರ ಸರದಿಯನ್ನು ಕಾನೂನು ಕಡಿದುಹಾಕಿತು, ಇವರದಕ್ಕೆ ಕಂಪನಿಯ ಹೆಸರಿನ ಪರವಾನಗಿ ಕಾವಲು ನಿಂತಿತು. ಈ ವ್ಯವಸ್ಥೆಯಲ್ಲಿ ನಿರುದ್ಯೋಗಿ ಎಂಬವನು ಇರಲಾರ, ವಿಮಾನ ಹತ್ತುವ ಮೊದಲೇ ಕೆಲಸ ಗೊತ್ತಾಗಿರುತ್ತದೆ. ಹುದ್ದೆ ಮುಗಿದವನು ಟೋಕಿಯೊಗೆ ಹೋಗುತ್ತಾನೆ, ಕಾಯಿಲೆ ಬಿದ್ದವನೂ ವಯಸ್ಸಾದವನೂ ಅಷ್ಟೇ. ಬ್ರಿಟನ್ನಿನ ಅಂಕಿಅಂಶದಲ್ಲಿ ಉಳಿಯುವುದು ದುಡಿಯುವ ವಯಸ್ಸಿನ, ಓದಿದ, ಸಂಬಳ ಬರುತ್ತಿರುವ ಜನ. ವಿದ್ಯಾರ್ಥಿಗಳು, ಅಡುಗೆಯವರು, ಬ್ರಿಟಿಷರನ್ನು ಮದುವೆಯಾಗಿ ನೆಲೆಸಿದವರೂ ಇದ್ದಾರೆ. ಆದರೆ ಜಪಾನಿ ಸಮುದಾಯ ಎಂದಾಗ ಕಣ್ಣಿಗೆ ಬರುವ ಚಿತ್ರ ಕಂಪನಿಯದೇ. ಗಿರಣಿಯಿಂದ ಹೊರಬಿದ್ದ ಮೀರ್‌ಪುರಿಯಾದರೋ ಅಲ್ಲೇ ಮುಪ್ಪಾಗುತ್ತಾನೆ, ಅವನ ಎಲ್ಲ ಕಷ್ಟವೂ ಲೆಕ್ಕಕ್ಕೆ ಸೇರುತ್ತದೆ.

ರಕ್ತದಲ್ಲೇ ಬಂದ ಗುಣವೆಂಬ ವಾದ ಎಷ್ಟು ಸುಳ್ಳೆಂದು ತಿಳಿಯಲು ಅಮೆರಿಕದ ಪಶ್ಚಿಮ ಕರಾವಳಿಗೆ ಹೋಗಬೇಕು. ಅಲ್ಲಿ ಕೂಲಿಯಾಗಿ ಬಂದವರು ಜಪಾನೀಯರು. 1885ರಿಂದ ಹವಾಯಿಯ ಕಬ್ಬಿನ ತೋಟಗಳಿಗೆ, ಮುಂದೆ ಕ್ಯಾಲಿಫೋರ್ನಿಯಾದ ಹೊಲಗಳಿಗೆ, ಹಿರೋಶಿಮಾ, ಯಾಮಾಗುಚಿ, ಕುಮಾಮೊತೊಗಳಂಥ ಸೀಮೆಗಳ ಬಡ ರೈತರ ಮಕ್ಕಳು ಹೋದರು. ಬ್ಯಾಂಕು ಸಾಲ ಕೊಡದಾಗ ಅವರೂ ಚೀಟಿ ಹಾಕಿದರು, ತಾನೊಮೊಶಿ ಎಂಬ ಹೆಸರಿನಲ್ಲಿ. ಗೇಣಿಗೆ ನೆಲ ಹಿಡಿದು ಸ್ಟ್ರಾಬೆರಿ, ಸೆಲರಿ, ಟೊಮ್ಯಾಟೊ ಬೆಳೆದರು. ಜಾರ್ಜ್ ಶಿಮಾ ಎಂಬವರು ನದಿಮುಖಜ ಭೂಮಿಯ ಜೌಗಿನಲ್ಲಿ ಆಲೂಗೆಡ್ಡೆ ಬೆಳೆದು ‘ಪೊಟ್ಯಾಟೊ ಕಿಂಗ್’ ಎನಿಸಿಕೊಂಡರು. 1913ರಲ್ಲಿ ಕ್ಯಾಲಿಫೋರ್ನಿಯಾ, ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು ಜಮೀನು ಹೊಂದುವಂತಿಲ್ಲ ಎಂಬ ಕಾಯ್ದೆ ತಂದಿತು. ಪೌರತ್ವ ಕೇಳಿ ಹೋದ ಜಪಾನಿನ ತಕಾವೊ ಒಜಾವಾ 1922ರಲ್ಲಿ, ಪಂಜಾಬಿನ ಭಗತ್ ಸಿಂಗ್ ಥಿಂಡ್ 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸೋತರು. ಜಪಾನಿ, ಪಂಜಾಬಿ ಇಬ್ಬರೂ ಬಿಳಿಯರಲ್ಲ, ಪೌರರಾಗಲಾರರು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳಲ್ಲಿ ಮುಸ್ಲಿಮರೂ ಇದ್ದರು. ಆಗ ಯಾರಾದರೂ ಈ ಇಬ್ಬರನ್ನು ಹೋಲಿಸಿದ್ದರೆ, ಒಂದೇ ಕಣಿವೆಯಲ್ಲಿ ಒಂದೇ ಕಾನೂನಿಗೆ ಹೆದರಿ ದುಡಿಯುತ್ತಿದ್ದ ರೈತರು ಕಾಣುತ್ತಿದ್ದರು.

ಆಮೇಲೆ ಜಪಾನಿನ ಜೊತೆ ಯುದ್ಧ ಬಂತು. 1942ರ ಫೆಬ್ರುವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆದೇಶದ ಮೇಲೆ ಸುಮಾರು 1.2 ಲಕ್ಷ ಜಪಾನಿ ಮೂಲದವರನ್ನು ಬೇಲಿಯೊಳಗಿನ ಶಿಬಿರಗಳಿಗೆ ಹಾಕಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪೌರರೇ. ಕೆಲವೇ ದಿನಗಳಲ್ಲಿ ಅಂಗಡಿ, ಟ್ರ್ಯಾಕ್ಟರು, ಕೊಯ್ಲಿಗೆ ಬಂದ ಬೆಳೆಯನ್ನು ಕೇಳಿದ ಬೆಲೆಗೆ ಕೊಟ್ಟು ಹೋದರು. ಬದುಕುಳಿದವರಿಗೆ ತಲಾ 20,000 ಡಾಲರ್ ಪರಿಹಾರ ಮತ್ತು ಕ್ಷಮಾಪಣೆ ಮಂಜೂರಾದದ್ದು 1988ರಲ್ಲಿ.

ಅಮೆರಿಕದ ಪಾಕಿಸ್ತಾನಿಗಳ ಚಿತ್ರವೂ ಬ್ರಾಡ್‌ಫೋರ್ಡಿನದಲ್ಲ. 1965ರ ವಲಸೆ ಕಾಯ್ದೆ ವೃತ್ತಿಪರರಿಗೆ ಆದ್ಯತೆ ಕೊಟ್ಟಿತು. ಲಾಹೋರಿನ ಕಿಂಗ್ ಎಡ್ವರ್ಡ್, ಕರಾಚಿಯ ಡೌ ವೈದ್ಯಕೀಯ ಕಾಲೇಜುಗಳಲ್ಲಿ ಓದಿದವರು ಹೋದರು. ಆ ವೈದ್ಯರ ಸಂಘ 1977ರಷ್ಟು ಹಿಂದೆಯೇ ಹುಟ್ಟಿತು. ದೇಶ ಅದೇ, ಧರ್ಮ ಅದೇ. ಪ್ರವೇಶದ ಕಾಗದದಲ್ಲಿ ಕೇಳಿದ ಅರ್ಹತೆ ಬೇರೆ.

ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ 1999ರಲ್ಲಿ ಕೆಲಸ ಶುರುಮಾಡಿದಾಗಿನಿಂದ ನಮ್ಮಲ್ಲೂ ಚೂಜೈಇನ್ ಇದ್ದಾರೆ. ಅವರ ಆದಾಯವನ್ನು ಬೆಂಗಳೂರಿನ ಕಟ್ಟಡಗಳಿಗೆ ಬಿಹಾರ, ಒಡಿಶಾದಿಂದ ಬಂದವರ ಕೂಲಿಯ ಪಕ್ಕ ಇಟ್ಟು, ಯಾವ ಜನ ಹೆಚ್ಚು ಶ್ರಮಜೀವಿಗಳೆಂದು ಇಲ್ಲಿ ಯಾರೂ ಕೇಳುವುದಿಲ್ಲ. ಇಬ್ಬರೂ ಬಂದ ಬಗೆ ನಮ್ಮ ಕಣ್ಣೆದುರೇ ಇದೆಯಲ್ಲ.

ಸ್ವಿಂಡನ್‌ನ ಹೋಂಡಾ ಕಾರ್ಖಾನೆ 2021ರ ಜುಲೈನಲ್ಲಿ ಮುಚ್ಚಿತು. ಜಪಾನಿನಿಂದ ಬಂದಿದ್ದ ನೌಕರನಿಗೆ ಮರಳಲು ಕಂಪನಿಯೂ ಇತ್ತು, ಊರೂ ಇತ್ತು. ಲಿಸ್ಟರ್ ಗಿರಣಿಯ ಕಟ್ಟಡ ಈಗ ಫ್ಲ್ಯಾಟುಗಳಾಗಿದೆ, ಅಲ್ಲಿ ದುಡಿದವರ ಮೊಮ್ಮಕ್ಕಳು ಅದರ ಸುತ್ತಲಿನ ಸಾಲುಮನೆಗಳಲ್ಲೇ ಇದ್ದಾರೆ. ಅಜ್ಜನ ಊರು ನೋಡಬೇಕೆಂದು ಹೋದವರು ಚಳಿಗಾಲಕ್ಕೆ ಕಾಯಬೇಕು. ಮಂಗ್ಲಾದ ನೀರು ಇಳಿದಾಗ ಹಳೆಯ ಮೀರ್‌ಪುರದ ದರ್ಗಾ, ಒಂದೆರಡು ಗುಡಿಗಳ ಗೋಡೆ, ಗೋರಿಗಳು ಮೇಲೆ ಬರುತ್ತವೆ. ಜನ ಕೆಸರಿನಲ್ಲಿ ನಡೆದುಹೋಗಿ ಹಿರಿಯರ ಗೋರಿಗೆ ಪ್ರಾರ್ಥನೆ ಸಲ್ಲಿಸಿ, ನೀರು ಏರುವ ಮೊದಲು ಹಿಂದಿರುಗುತ್ತಾರೆ.