ಮಲದಲ್ಲಿ ರಕ್ತ ಕಂಡರೆ ಉದಾಸೀನ ಬೇಡ



ಹೊಟ್ಟೆ ಕೆಟ್ಟು ನೀರು ನೀರಾಗಿ ಭೇದಿಯಾಗುವುದು ಒಂದು ಬಗೆ. ಪದೇ ಪದೇ, ಸ್ವಲ್ಪ ಸ್ವಲ್ಪವಾಗಿ, ಲೋಳೆಯೂ ರಕ್ತವೂ ಬೆರೆತು ಹೋಗುವುದು ಇನ್ನೊಂದು ಬಗೆ. ಇದೇ ರಕ್ತಭೇದಿ. "ಉಷ್ಣವಾಗಿದೆ, ತಾನೇ ವಾಸಿಯಾದೀತು" ಎಂದು ಸುಮ್ಮನಿರುವುದು ಅಪಾಯಕರ.

ಇದಕ್ಕೆ ಮುಖ್ಯ ಕಾರಣ ಷಿಗೆಲ್ಲ ಎಂಬ ರೋಗಾಣು. ಜಪಾನಿನ ವೈದ್ಯ ಕಿಯೋಷಿ ಷಿಗ ಅವರು 1897ರಲ್ಲಿ ಇದನ್ನು ಕಂಡುಹಿಡಿದರು. ಕೇವಲ 10ರಿಂದ 100 ರೋಗಾಣುಗಳು ಹೊಟ್ಟೆ ಸೇರಿದರೂ ರೋಗ ಬರಬಹುದು. ರೋಗಿಯ ಮಲದಿಂದ ಕೈಗೆ, ನೀರಿಗೆ, ನೊಣದ ಕಾಲಿಗೆ. ಅಲ್ಲಿಂದ ನಮ್ಮ ಅನ್ನಕ್ಕೆ. ಇದೇ ಅದು ಬರುವ ದಾರಿ.

ಒಳಗೆ ಏನಾಗುತ್ತದೆ?

ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯರು ದೀಪವುಳ್ಳ, ಬಾಗುವ ನಳಿಕೆಯೊಂದನ್ನು ಗುದದ್ವಾರದಿಂದ ಹಾಯಿಸಿ ದೊಡ್ಡ ಕರುಳಿನ ಒಳಭಾಗವನ್ನು ನೋಡುತ್ತಾರೆ. ಆರೋಗ್ಯವಂತರ ಕರುಳಿನ ಒಳಮೈ ತಿಳಿಗೆಂಪಾಗಿ ನುಣುಪಾಗಿರುತ್ತದೆ. ಎಲೆಯ ನರಗಳಂತೆ ಸಣ್ಣ ರಕ್ತನಾಳಗಳು ಸ್ಪಷ್ಟವಾಗಿ ಕಾಣುತ್ತವೆ. ರೋಗ ತಗುಲಿದ ಕರುಳು ಕೆಂಪಾಗಿ ಊದಿರುತ್ತದೆ. ಆ ನಾಳಗಳು ಮರೆಯಾಗಿರುತ್ತವೆ. ಅಲ್ಲಲ್ಲಿ ಹುಣ್ಣುಗಳು, ಅವುಗಳ ಮೇಲೆ ಕೀವು, ಲೋಳೆ. ನಳಿಕೆ ಸೋಕಿದರೂ ರಕ್ತ ಜಿನುಗುತ್ತದೆ. ಕರುಳಿನ ಕೆಳತುದಿಯಲ್ಲೇ ಈ ಗಾಯ ಹೆಚ್ಚು. ಆದುದರಿಂದಲೇ ಜ್ವರ, ಹೊಟ್ಟೆ ನುಲಿತ, ಎಷ್ಟು ತಿಣುಕಿದರೂ ಇನ್ನೂ ಹೋಗಬೇಕೆನ್ನುವ ಭಾವ.

ಎಲ್ಲರಿಗೂ ಈ ನಳಿಕೆಯ ಪರೀಕ್ಷೆ ಬೇಕಿಲ್ಲ. ಸಾಮಾನ್ಯವಾಗಿ ಲಕ್ಷಣಗಳು ಮತ್ತು ಮಲಪರೀಕ್ಷೆ ಸಾಕು. ರೋಗ ಬಹುದಿನ ಎಳೆದರೆ, ಇಲ್ಲವೇ ಬೇರೆ ರೋಗದ ಸಂಶಯವಿದ್ದರೆ ವೈದ್ಯರು ಅದನ್ನು ಹೇಳುತ್ತಾರೆ.

ನೀವು ಮಾಡಬೇಕಾದದ್ದು

1. ರಕ್ತ ಕಂಡ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಮಕ್ಕಳು, ವೃದ್ಧರು, ಗರ್ಭಿಣಿಯರ ವಿಷಯದಲ್ಲಿ ತಡ ಸಲ್ಲದು.

2. ಭೇದಿ ಕಟ್ಟಿಸುವ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿರಿ. ಹೊರಗೆ ಹೋಗಬೇಕಾದ ರೋಗಾಣು ಒಳಗೇ ಉಳಿದು ಕೆಡುಕು ಹೆಚ್ಚೀತು.

3. ವೈದ್ಯರು ಕೊಟ್ಟ ಔಷಧಿಯನ್ನು ಹೇಳಿದಷ್ಟು ದಿನವೂ ಸೇವಿಸಿರಿ. ಅರ್ಧಕ್ಕೆ ಬಿಡಬೇಡಿರಿ.

4. ಆರೋಗ್ಯ ಕೇಂದ್ರದಲ್ಲಿ ಸಿಗುವ ಓ.ಆರ್.ಎಸ್. ಪುಡಿಯ ನೀರನ್ನು ಕುಡಿಸಿರಿ. ಅದು ಸಿಗದಿದ್ದರೆ 1 ಲೀಟರು ಕಾಯಿಸಿ ಆರಿಸಿದ ನೀರಿಗೆ 6 ಸಮಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಆಗಾಗ ಕೊಡಿರಿ. ಉಪ್ಪು ಹೆಚ್ಚಾಗಬಾರದು. ಗಂಜಿ, ಮೆತ್ತಗಿನ ಅನ್ನ, ಮಗುವಿಗೆ ಎದೆಹಾಲು ನಿಲ್ಲಿಸಬೇಡಿರಿ.

5. ಶೌಚದ ನಂತರ, ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಯಿರಿ. ಶೌಚಕ್ಕೆ ಪಾಯಖಾನೆಯನ್ನೇ ಬಳಸಿರಿ. ರೋಗಿಯು ವಾಸಿಯಾಗುವವರೆಗೆ ಇತರರಿಗೆ ಅಡಿಗೆ ಮಾಡಬಾರದು.

ಬೆಳೆಗೆ ರೋಗ ಬಿದ್ದರೆ ಮೊದಲ ಎಲೆಯಲ್ಲೇ ಗುರುತಿಸುವ ತಮಗೆ ಇದು ಕಷ್ಟವಲ್ಲ. ಮನೆಯವರ ಮೈಯ ಸೂಚನೆಯನ್ನೂ ಹಾಗೆಯೇ ಮೊದಲ ದಿನವೇ ಗಮನಿಸಿರಿ.